ಬರೆದದ್ದಕ್ಕೆ ಒಂದು ವಿಳಾಸ: ತೆರೆದ ಇಂಟರ್ನೆಟ್‌ನಲ್ಲಿ ನಿಮ್ಮ ಕನ್ನಡ ಉಳಿಸಿಕೊಳ್ಳುವ ಬಗೆ

ನಮ್ಮ ಚಿಕ್ಕಮ್ಮ ಶಿರಸಿ ಕಡೆಯವರು. ಮದುವೆ, ಮುಂಜಿ, ಬಯಕೆ ಊಟಕ್ಕೆ ಹೇಳುವ ಹಾಡುಗಳೆಲ್ಲ ಅವರಿಗೆ ಬಾಯಿಪಾಠ. ಕೆಲವನ್ನು ಅತ್ತೆಯಿಂದ ಕಲಿತವರು, ಕೆಲವನ್ನು ಪಕ್ಕದ ಮನೆಯ ಅಜ್ಜಿಯಿಂದ. ಏಳೆಂಟು ವರ್ಷ ಆ ಹಾಡುಗಳನ್ನು ಫೋನಿನಲ್ಲೇ ಟೈಪ್ ಮಾಡಿ ಒಂದು ಜಾಲತಾಣದಲ್ಲಿ ಹಾಕುತ್ತಾ ಬಂದರು. ಒಂದು ಬೆಳಿಗ್ಗೆ ಅವರ ಖಾತೆ ತೆರೆಯಲಿಲ್ಲ. ನಿಯಮ ಮುರಿದಿದ್ದೀರಿ ಎಂದು ಒಂದು ಸಾಲು ಬಂತು. ಯಾವ ನಿಯಮ, ಯಾವ ಪೋಸ್ಟ್ ಎಂದು ಹೇಳಿರಲಿಲ್ಲ. ಗುರುತಿನ ಚೀಟಿ ಕಳಿಸಿದೆವು, ಮೂರು ಸಲ ಮನವಿ ಹಾಕಿದೆವು. ಉತ್ತರವೇ ಇಲ್ಲ. ಸುಮಾರು ಮುನ್ನೂರು ಹಾಡು ಹೋದವು.

ಚಿಕ್ಕಮ್ಮ ಅತ್ತಿದ್ದು ಖಾತೆ ಹೋಯಿತು ಅಂತಲ್ಲ. ಮೊದಲು ಹಾಡುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರಂತೆ. ಫೋನಿನಲ್ಲಿ ಹಾಕಿದ್ದೀನಲ್ಲ, ಇನ್ನೇನು ಎಂದು ಆ ಪುಸ್ತಕವನ್ನು ಜೋಪಾನ ಮಾಡಲಿಲ್ಲ. ಗೆದ್ದಲು ಹಿಡಿಯಿತು.

ಇಂಟರ್ನೆಟ್ ಮುಕ್ತವಾಗಿರಬೇಕು ಎಂದರೆ ಕೋರ್ಟು, ಕಾನೂನು, ದೊಡ್ಡ ಕಂಪನಿಗಳ ಜಗಳ ಎಂದೇ ನಾನೂ ತಿಳಿದಿದ್ದೆ. ಅವೂ ಇವೆ, ಮುಂದೆ ಹೇಳುತ್ತೇನೆ. ಆದರೆ ಬಾಗಿಲು ಮೊದಲು ಮುಚ್ಚುವುದು ನಮ್ಮ ಫೋನಿನಲ್ಲೇ. ನಾವು ಬರೆದದ್ದು ಯಾರು ಬೇಕಾದರೂ ತೆರೆಯಬಹುದಾದ ಒಂದು ವಿಳಾಸದಲ್ಲಿ ಇಲ್ಲದೆ ಹೋದಾಗ, ತೆರೆದ ಇಂಟರ್ನೆಟ್ ಅಷ್ಟರಮಟ್ಟಿಗೆ ಸಣ್ಣದಾಗುತ್ತದೆ. ಕನ್ನಡದಲ್ಲಿ ಇದು ಜಾಸ್ತಿ ಆಗುತ್ತಿದೆ. ಅದಕ್ಕೇ ಈ ಬರಹ. ಒಂದೊಂದೇ ಹೆಜ್ಜೆ ಹೇಳುತ್ತೇನೆ. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ.

ಮೊದಲು ಒಂದು ಪರೀಕ್ಷೆ

ನೀವು ಬರೆದ ಯಾವುದಾದರೂ ಒಳ್ಳೆಯ ಪೋಸ್ಟಿನ ಲಿಂಕ್ ಕಾಪಿ ಮಾಡಿ. ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೋ ಕಿಟಕಿ ತೆರೆದು, ಯಾವುದಕ್ಕೂ ಲಾಗಿನ್ ಆಗದೆ ಆ ಲಿಂಕ್ ಹಾಕಿ. ಪೂರ್ತಿ ಬರಹ ಕಂಡಿತಾ? ಅಥವಾ ಲಾಗಿನ್ ಆಗಿ ಎಂಬ ಪರದೆ ಅಡ್ಡ ಬಂತಾ? ಆಮೇಲೆ ಆ ಬರಹದ ನಡುವಿನ ಒಂದು ಸಾಲನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್‌ನಲ್ಲಿ ಹುಡುಕಿ. ಸಿಕ್ಕಿತಾ?

ಎರಡಕ್ಕೂ ಹೌದು ಎಂದಾದರೆ ಆ ಬರಹ ತೆರೆದ ವೆಬ್‌ನಲ್ಲಿದೆ. ಇಲ್ಲವಾದರೆ ಅದು ಯಾರದೋ ಕಾಂಪೌಂಡಿನ ಒಳಗಿದೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದಕ್ಕಂತೂ ವಿಳಾಸವೇ ಇಲ್ಲ. ಗುಂಪಿನ ಸದಸ್ಯರ ಫೋನ್ ಬಿಟ್ಟರೆ ಅದು ಎಲ್ಲೂ ಇರುವುದಿಲ್ಲ.

ವೆಬ್ ಹುಟ್ಟಿದ್ದು ಹೀಗಲ್ಲ. ಟಿಮ್ ಬರ್ನರ್ಸ್-ಲೀ 1989ರಲ್ಲಿ ಯುರೋಪಿನ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಕೂತು ಯೋಚಿಸಿದ್ದು ಇಷ್ಟೇ: ಪ್ರತಿ ಪುಟಕ್ಕೂ ಒಂದು ವಿಳಾಸ ಇರಬೇಕು, ಯಾವ ಪುಟದಿಂದಲೂ ಯಾವ ಪುಟಕ್ಕೂ ಹೋಗಲು ಆಗಬೇಕು. 1993ರ ಏಪ್ರಿಲ್ 30ರಂದು ಸರ್ನ್ ಆ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಹಣ ಕೇಳಲಿಲ್ಲ, ಅನುಮತಿ ತಗೊಳ್ಳಿ ಎನ್ನಲಿಲ್ಲ. ಹಾಗಾಗಿಯೇ ವೆಬ್ ಬೆಳೆಯಿತು. ಈ ಪರೀಕ್ಷೆಯನ್ನು ಮರೆಯಬೇಡಿ. ಕೆಳಗಿನ ಪ್ರತಿ ಹೆಜ್ಜೆ ಆದ ಮೇಲೂ ಇದನ್ನೇ ಮತ್ತೆ ಮಾಡಿ ನೋಡಬೇಕು.

1. ಬರೆದದ್ದನ್ನೆಲ್ಲ ಹೊರಗೆ ತೆಗೆಯಿರಿ

ಫೇಸ್‌ಬುಕ್‌ನಲ್ಲಿ ಬರೆಯುವವರು ಸೆಟ್ಟಿಂಗ್ಸ್ ಒಳಗಿನ ಅಕೌಂಟ್ಸ್ ಸೆಂಟರ್‌ಗೆ ಹೋಗಿ. ಅಲ್ಲಿ ನಿಮ್ಮ ಮಾಹಿತಿ ಮತ್ತು ಅನುಮತಿಗಳ ಭಾಗದಲ್ಲಿ ಮಾಹಿತಿಯನ್ನು ಡೌನ್‌ಲೋಡ್ ಅಥವಾ ಎಕ್ಸ್‌ಪೋರ್ಟ್ ಮಾಡುವ ದಾರಿ ಇದೆ. ಮೆನುವಿನ ಹೆಸರುಗಳು ಆಗಾಗ ಬದಲಾಗುತ್ತವೆ, ಸ್ವಲ್ಪ ಹುಡುಕಬೇಕಾಗಬಹುದು. ಎಲ್ಲವನ್ನೂ ಕೇಳಬೇಡಿ, ಫೈಲ್ ವಿಪರೀತ ದೊಡ್ಡದಾಗುತ್ತದೆ. ಪೋಸ್ಟ್‌ಗಳನ್ನು ಮಾತ್ರ ಆರಿಸಿ. ದಿನಾಂಕದ ಜಾಗದಲ್ಲಿ ಮೊದಲಿಂದ ಇಲ್ಲಿವರೆಗೆ ಎಂದು ಕೊಡಿ. ಇದನ್ನು ಮರೆತರೆ ಕಳೆದ ಒಂದು ವರ್ಷದ್ದು ಮಾತ್ರ ಬಂದು ಕೂರಬಹುದು.

ಇಲ್ಲಿ ಕನ್ನಡದವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ಫೈಲ್ ಯಾವ ರೂಪದಲ್ಲಿ ಬೇಕು ಎಂದು ಕೇಳುತ್ತಾರೆ, ಎಚ್‌ಟಿಎಂಎಲ್ ಅಥವಾ ಜೇಸನ್. ಎಚ್‌ಟಿಎಂಎಲ್ ಆರಿಸಿ. ಜೇಸನ್ ಆರಿಸಿದರೆ ಕನ್ನಡ ಅಕ್ಷರಗಳು ಅರ್ಥವಾಗದ ಚಿಹ್ನೆಗಳ ಸಾಲಾಗಿ ಬರುತ್ತವೆ. ಸರಿಪಡಿಸಲು ಸಾಧ್ಯ, ಆದರೆ ಪ್ರೋಗ್ರಾಮಿಂಗ್ ಗೊತ್ತಿರಬೇಕು. ಎಚ್‌ಟಿಎಂಎಲ್ ಫೈಲನ್ನು ಯಾವ ಬ್ರೌಸರ್‌ನಲ್ಲಾದರೂ ತೆರೆದು ಹಾಗೇ ಓದಬಹುದು.

ಫೈಲ್ ತಯಾರಾಗಲು ಕೆಲವು ಗಂಟೆ ಹಿಡಿಯಬಹುದು. ಡೌನ್‌ಲೋಡ್ ಲಿಂಕ್ ಇರುವುದು ಕೆಲವೇ ದಿನ. ಬಂದ ಕೂಡಲೇ ಇಳಿಸಿಕೊಳ್ಳಿ.

ಬ್ಲಾಗರ್ ಇದ್ದರೆ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಇದೆ. ವರ್ಡ್‌ಪ್ರೆಸ್ ಇದ್ದರೆ ಟೂಲ್ಸ್ ಒಳಗೆ ಎಕ್ಸ್‌ಪೋರ್ಟ್. ಗೂಗಲ್‌ನ ಉಳಿದದ್ದಕ್ಕೆಲ್ಲ ಅದರ ಟೇಕೌಟ್ ಎಂಬ ಸೇವೆ. ವಾಟ್ಸಾಪ್‌ನಲ್ಲಿ ಆ ಗುಂಪು ತೆರೆದು, ಮೇಲಿನ ಮೂರು ಚುಕ್ಕಿ ಒತ್ತಿ, ಎಕ್ಸ್‌ಪೋರ್ಟ್ ಚಾಟ್ ಆರಿಸಿ. ಚಿತ್ರ ಬೇಡ ಎಂದರೆ ಬರೀ ಪಠ್ಯದ ಸಣ್ಣ ಫೈಲ್ ಸಿಗುತ್ತದೆ. ತುಂಬಾ ದೊಡ್ಡ ಗುಂಪಾದರೆ ಹಳೆಯದೆಲ್ಲ ಬರುವುದಿಲ್ಲ, ಇತ್ತೀಚಿನದು ಮಾತ್ರ. ಆ ಫೈಲಿನಲ್ಲಿ ಬೇರೆಯವರ ಮಾತು, ಫೋನ್ ನಂಬರ್ ಕೂಡ ಇರುತ್ತವೆ. ಅದನ್ನು ಯಾರಿಗೂ ಹಾಗೇ ಕೊಡಬೇಡಿ. ನೀವು ಬರೆದದ್ದನ್ನು ಮಾತ್ರ ತೆಗೆದುಕೊಂಡು ಉಳಿದದ್ದನ್ನು ಅಳಿಸಿ.

ಖಾತೆ ಆಗಲೇ ಹೋಗಿದೆಯಾ? ಹಾಗಿದ್ದರೂ ಕೈ ಬಿಡಬೇಡಿ. ಚಿಕ್ಕಮ್ಮನ ಹಾಡುಗಳನ್ನು ಅವರ ತಂಗಿಯರು, ನಾದಿನಿಯರು ವಾಟ್ಸಾಪ್‌ಗೆ ಕಾಪಿ ಮಾಡಿ ಹಂಚಿಕೊಂಡಿದ್ದರು. ಒಬ್ಬೊಬ್ಬರಿಗೂ ಫೋನ್ ಮಾಡಿ, ಚಾಟ್ ಒಳಗಿನ ಹುಡುಕಾಟದಲ್ಲಿ "ಸೋಬಾನೆ" ಎಂದು ಹಾಕಿ ನೋಡಿ ಎಂದೆವು. ನೂರರ ಮೇಲೆ ಹಾಡು ಮರಳಿ ಸಿಕ್ಕವು.

ಫೈಲ್ ಕೈಗೆ ಬಂದ ಮೇಲೆ ಎರಡು ಕಡೆ ಇಡಿ. ಒಂದು ಕಂಪ್ಯೂಟರ್‌ನಲ್ಲಿ, ಇನ್ನೊಂದು ಪೆನ್ ಡ್ರೈವ್ ಅಥವಾ ಹಾರ್ಡ್ ಡಿಸ್ಕ್‌ನಲ್ಲಿ. ಒಂದೇ ಕಡೆ ಇದ್ದರೆ ಅದು ಇನ್ನೂ ಉಳಿದಿಲ್ಲ ಎಂದೇ ತಿಳಿಯಿರಿ.

2. ಅಕ್ಷರ ನಿಜವಾಗಿ ಕನ್ನಡವೇ ನೋಡಿ

ಇದು ನಮ್ಮದೇ ಕಷ್ಟ. ಇಂಗ್ಲಿಷ್‌ನವರಿಗೆ ಇದರ ಗೋಜಿಲ್ಲ.

ಬೇರೆ ಬೇರೆ ಭಾಷೆಗಳ ಅಕ್ಷರಗಳಿಗೆಲ್ಲ ಕಂಪ್ಯೂಟರ್‌ನಲ್ಲಿ ಒಂದೊಂದು ಸಂಖ್ಯೆ ಕೊಡುವ ಪದ್ಧತಿಗೆ ಯೂನಿಕೋಡ್ ಎನ್ನುತ್ತಾರೆ. ಅದರ ಮೊದಲ ಆವೃತ್ತಿಯಲ್ಲೇ, 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತು. ಆದರೂ ಎಷ್ಟೋ ವರ್ಷ ನಮ್ಮ ಪುಸ್ತಕ, ಪತ್ರಿಕೆ, ಕಚೇರಿ ಪತ್ರಗಳೆಲ್ಲ ನುಡಿ, ಬರಹ, ಶ್ರೀಲಿಪಿ ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲೇ ಆದವು. ಆ ಫಾಂಟುಗಳಲ್ಲಿ ಕಂಪ್ಯೂಟರ್ ಪಾಲಿಗೆ ಇರುವುದು ಇಂಗ್ಲಿಷ್ ಅಕ್ಷರಗಳೇ. ಮೇಲೆ ಕನ್ನಡದ ವೇಷ, ಅಷ್ಟೇ. ಹಾಗಾಗಿ ಅದನ್ನು ಹುಡುಕಲು ಆಗುವುದಿಲ್ಲ. ಬೇರೆ ಕಂಪ್ಯೂಟರ್‌ನಲ್ಲಿ ತೆರೆದರೆ ಓದಲೂ ಆಗುವುದಿಲ್ಲ. ಈಗ ನುಡಿಯಲ್ಲೂ ಬರಹದಲ್ಲೂ ಯೂನಿಕೋಡ್ ಇದೆ. ಆದರೆ ಹಳೆಯ ಅಭ್ಯಾಸ ಬಿಡದವರು ಇನ್ನೂ ಇದ್ದಾರೆ.

ಪತ್ತೆ ಮಾಡುವುದು ಸುಲಭ. ವರ್ಡ್ ಫೈಲ್ ತೆರೆದು, ಒಂದು ಸಾಲು ಆರಿಸಿ, ಫಾಂಟನ್ನು ಏರಿಯಲ್‌ಗೆ ಬದಲಿಸಿ. ಕನ್ನಡ ಕನ್ನಡವಾಗೇ ಉಳಿದರೆ ಅದು ಯೂನಿಕೋಡ್. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾದರೆ ಹಳೆಯದು. ಪಿಡಿಎಫ್ ಆದರೆ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ.

ಹಳೆಯದಾದರೆ ಪರಿವರ್ತಕದಲ್ಲಿ ಹಾಕಿ. ನುಡಿ ಮತ್ತು ಬರಹದ ಪಠ್ಯವನ್ನು ಯೂನಿಕೋಡ್‌ಗೆ ತರುವ ಉಚಿತ ಪರಿವರ್ತಕಗಳು ವೆಬ್‌ನಲ್ಲೇ ಇವೆ. ಆದರೆ ಪರಿವರ್ತಿಸಿದ್ದನ್ನು ಹಾಗೇ ನಂಬಬೇಡಿ. ಅರ್ಕಾವತ್ತು ಇರುವ ಪದಗಳು, ಎರಡು ಒತ್ತು ಒಟ್ಟಿಗೆ ಬರುವ ಪದಗಳು, ಅಂಕಿಗಳು, ಉದ್ಧರಣ ಚಿಹ್ನೆಗಳು ಆಗಾಗ ಕೆಡುತ್ತವೆ. ನಡುವೆ ಇಂಗ್ಲಿಷ್ ಪದ ಇದ್ದರೆ ಅದೂ ವಿಚಿತ್ರ ಕನ್ನಡವಾಗುತ್ತದೆ. ಒಂದು ಸಲ ಕೂತು ಪೂರ್ತಿ ಓದಿ ತಿದ್ದಲೇಬೇಕು.

ಬರಹ ಕಾಗದದ ಮೇಲೆ ಮಾತ್ರ ಇದ್ದರೆ? ಅಚ್ಚಾದ ಪುಟದ ಫೋಟೋ ತೆಗೆದು ಗೂಗಲ್ ಡ್ರೈವ್‌ಗೆ ಹಾಕಿ, ಅದನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಫೋಟೋದ ಕೆಳಗೆ ಪಠ್ಯ ಬರುತ್ತದೆ. ನೇರವಾಗಿ, ಒಳ್ಳೆಯ ಬೆಳಕಿನಲ್ಲಿ ತೆಗೆದ ಫೋಟೋ ಆದರೆ ತಿದ್ದುವ ಕೆಲಸ ಕಡಿಮೆ. ಕೈಬರಹಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ.

ಇನ್ನೊಂದು ಮಾತು. ಕವಿತೆಯನ್ನು ಚಂದದ ಚಿತ್ರದ ಮೇಲೆ ಬರೆದು ಹಂಚುವುದು ಈಗ ರೂಢಿ. ನೋಡಲು ಚಂದವೇ. ಆದರೆ ಸರ್ಚ್‌ನಲ್ಲಿ ಆ ಸಾಲುಗಳು ಸಿಗುವುದು ಕಷ್ಟ. ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳುವುದಿಲ್ಲ. ಚಿತ್ರ ಹಾಕಿ, ಕೆಳಗೆ ಅದೇ ಸಾಲುಗಳನ್ನು ಅಕ್ಷರದಲ್ಲೂ ಹಾಕಿ. ದಯವಿಟ್ಟು.

3. ನಿಮ್ಮದೇ ಒಂದು ವಿಳಾಸ ತಗೊಳ್ಳಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ.

ಉಚಿತವಾಗಿ ಕೊಟ್ಟ ಜಾಗ ಕೊಟ್ಟವರ ಇಷ್ಟ ಇರುವವರೆಗೆ. ಉಚಿತವಾಗಿ ಪುಟ ಮಾಡಿಕೊಳ್ಳಲು ಬಿಡುತ್ತಿದ್ದ ಜಿಯೋಸಿಟೀಸ್ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ ಹೋಯಿತು. ಕನ್ನಡದ ಸಾಹಿತ್ಯ, ಸಿನಿಮಾ ಚರ್ಚೆಗಳು ಎಷ್ಟೋ ಆರ್ಕುಟ್ ಕಮ್ಯೂನಿಟಿಗಳಲ್ಲಿ ನಡೆದಿದ್ದವು, ನೆನಪಿದೆ ಅಲ್ವಾ? ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಗಿಯಿತು. ಆದರೆ ಡೊಮೈನ್ ಹೆಸರು, ಅಂದರೆ ಸೈಟಿನ ವಿಳಾಸವಾಗುವ ಹೆಸರು, ನಿಮ್ಮದಾಗಿದ್ದರೆ ಬರಹ ಇಟ್ಟ ಕಂಪನಿ ಬದಲಾದರೂ ವಿಳಾಸ ಬದಲಾಗುವುದಿಲ್ಲ. ಫೋನ್ ನಂಬರ್ ಅದೇ ಇಟ್ಟುಕೊಂಡು ಬೇರೆ ಕಂಪನಿಗೆ ಪೋರ್ಟ್ ಆಗುತ್ತೀರಲ್ಲ, ಹಾಗೆ.

ಡಾಟ್ ಇನ್ ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು ಖರ್ಚು. ಮೊದಲ ವರ್ಷಕ್ಕೆ ತೀರಾ ಕಡಿಮೆ ದರ ತೋರಿಸುತ್ತಾರೆ. ಎರಡನೇ ವರ್ಷದಿಂದ ಎಷ್ಟು ಎಂದು ನೋಡಿಯೇ ತಗೊಳ್ಳಿ. ಕನ್ನಡ ಅಕ್ಷರದಲ್ಲೇ ಡಾಟ್ ಭಾರತ ಹೆಸರೂ ಸಿಗುತ್ತದೆ. ನನಗೆ ಅದು ತುಂಬಾ ಇಷ್ಟ. ಆದರೆ ಕೆಲವು ಆ್ಯಪ್‌ಗಳು ಅದನ್ನು ಲಿಂಕ್ ಎಂದು ಗುರುತಿಸದೇ ಇರಬಹುದು. ಹಾಗಾಗಿ ಡಾಟ್ ಇನ್ ಮುಖ್ಯವಾಗಿರಲಿ, ಆಸೆ ಇದ್ದರೆ ಕನ್ನಡದ್ದು ಜೊತೆಗಿರಲಿ.

ಹೆಸರು ಯಾರ ಹೆಸರಲ್ಲಿ ನೋಂದಣಿಯಾಗುತ್ತಿದೆ ಎಂದು ಕಡ್ಡಾಯವಾಗಿ ನೋಡಿ. ವೆಬ್‌ಸೈಟ್ ಮಾಡಿಕೊಡುವ ಹುಡುಗರು ತಮ್ಮ ಇಮೇಲ್ ಹಾಕಿಯೇ ಡೊಮೈನ್ ತೆಗೆದಿರುತ್ತಾರೆ. ಮೋಸ ಮಾಡಬೇಕೆಂದಲ್ಲ, ಅವರಿಗೆ ಅದು ಸುಲಭ. ನಾಲ್ಕು ವರ್ಷ ಬಿಟ್ಟು ಅವರು ಕೆಲಸ ಬಿಟ್ಟು ಬೇರೆ ಊರಿಗೆ ಹೋದಾಗ ನವೀಕರಣದ ಪತ್ರ ನಿಮಗೆ ಬರುವುದಿಲ್ಲ, ಹೆಸರು ಕೈ ತಪ್ಪುತ್ತದೆ. ಎಷ್ಟೋ ಸಲ ಅಂಥ ಹೆಸರನ್ನು ಬೇರೆ ಯಾರೋ ಹಿಡಿದು ಜೂಜಿನ ಜಾಹೀರಾತು ಹಾಕುತ್ತಾರೆ. ಖಾತೆ ನಿಮ್ಮ ಇಮೇಲ್‌ನಲ್ಲಿ, ನಿಮ್ಮ ಫೋನಿನಲ್ಲಿ ಇರಲಿ. ತಾನೇ ನವೀಕರಣ ಆಗುವಂತೆ ಆಟೋ ರಿನ್ಯೂ ಹಾಕಿಡಿ. ಈಗಾಗಲೇ ಬೇರೆಯವರ ಹೆಸರಲ್ಲಿದ್ದರೆ ವರ್ಗಾವಣೆಯ ಕೋಡ್ ಕೇಳಿ ಪಡೆದು ನಿಮ್ಮ ಖಾತೆಗೆ ತನ್ನಿ.

ಬರಹ ಎಲ್ಲಿ ಇಡುವುದು? ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಬ್ಲಾಗರ್ ಸಾಕು. ಅದಕ್ಕೆ ನಿಮ್ಮ ಡೊಮೈನ್ ಜೋಡಿಸಬಹುದು, ಅದಕ್ಕೆ ಬೇರೆ ಶುಲ್ಕ ಇಲ್ಲ. ಸ್ವಲ್ಪ ಖರ್ಚು ಮಾಡಬಲ್ಲವರಿಗೆ ವರ್ಡ್‌ಪ್ರೆಸ್ ಒಳ್ಳೆಯದು. ಮನೆಯಲ್ಲಿ ಕಂಪ್ಯೂಟರ್ ಓದಿದ ಮಕ್ಕಳಿದ್ದರೆ ಗಿಟ್‌ಹಬ್ ಪೇಜಸ್‌ನಲ್ಲಿ ಸಾದಾ ಪುಟ ಮಾಡಿಸಿ. ಬೇಗ ತೆರೆಯುತ್ತದೆ, ಇನ್ನೊಂದು ಕಡೆಗೆ ಸಾಗಿಸುವುದೂ ಸುಲಭ.

ಕನ್ನಡದ ಸೈಟಿಗೆ ಎರಡು ಸಣ್ಣ ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಭಾಷೆ ಕನ್ನಡ ಎಂದು ಆರಿಸಿ, ಓದಿ ಹೇಳುವ ತಂತ್ರಾಂಶಗಳಿಗೆ ಅದು ಬೇಕು. ಪ್ರತಿ ಲೇಖನದ ಲಿಂಕನ್ನು ಕೈಯಾರೆ ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಕನ್ನಡ ಶೀರ್ಷಿಕೆ ಕೊಟ್ಟರೆ ಬ್ಲಾಗರ್ ಸುಮ್ನೆ ಬ್ಲಾಗ್ ಪೋಸ್ಟ್ ಎಂದು ಸಂಖ್ಯೆ ಹಾಕುತ್ತದೆ. ವರ್ಡ್‌ಪ್ರೆಸ್‌ನಲ್ಲಿ ಕನ್ನಡ ಲಿಂಕ್ ಬರುತ್ತದೆ. ಆದರೆ ಅದನ್ನು ವಾಟ್ಸಾಪ್‌ನಲ್ಲಿ ಹಂಚಿದಾಗ ಶೇಕಡಾ ಚಿಹ್ನೆ, ಅಂಕಿ ತುಂಬಿದ ಮೂರು ಸಾಲಿನ ಹಗ್ಗವಾಗುತ್ತದೆ. ಅದನ್ನು ಕಂಡು ವೈರಸ್ ಇರಬಹುದು ಎಂದು ಓದುಗರು ಹೆದರುತ್ತಾರೆ.

ಹಾಗಾದರೆ ಫೇಸ್‌ಬುಕ್ ಬಿಡಬೇಕೇ? ಬೇಡ. ಓದುಗರು ಅಲ್ಲಿದ್ದಾರೆ. ಬರೀ ಲಿಂಕ್ ಹಾಕಿದರೆ ಅಲ್ಲಿ ಜಾಸ್ತಿ ಜನರಿಗೆ ಕಾಣಿಸುವುದೂ ಇಲ್ಲ. ನಾನು ಮಾಡುವುದು ಹೀಗೆ: ಮೊದಲು ನನ್ನ ಸೈಟಿನಲ್ಲಿ ಹಾಕುತ್ತೇನೆ. ಆಮೇಲೆ ಪೂರ್ತಿ ಬರಹವನ್ನೇ ಫೇಸ್‌ಬುಕ್‌ನಲ್ಲೂ ಹಾಕಿ, ಮೊದಲ ಕಾಮೆಂಟಿನಲ್ಲಿ ಮೂಲದ ಲಿಂಕ್ ಕೊಡುತ್ತೇನೆ. ಮೂಲ ನನ್ನ ಮನೆಯಲ್ಲಿರುತ್ತದೆ, ಹಂಚಿದ್ದು ಪೇಟೆಯಲ್ಲಿರುತ್ತದೆ.

4. ಓದುಗರು ನೇರ ಬರುವಂತೆ ಮಾಡಿ

ಹಿಂದೆ ಬ್ಲಾಗ್ ಓದುತ್ತಿದ್ದವರಿಗೆ, ಇಷ್ಟದ ಸೈಟುಗಳ ಹೊಸ ಬರಹಗಳನ್ನೆಲ್ಲ ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ ನೆನಪಿರಬೇಕು. 2013ರ ಜುಲೈ 1ಕ್ಕೆ ಅದು ಮುಚ್ಚಿದ ಮೇಲೆ ನಾವೆಲ್ಲ ನಮಗೆ ಏನು ಕಾಣಬೇಕು ಎಂಬುದನ್ನು ಕಂಪನಿಗಳ ಲೆಕ್ಕಾಚಾರಕ್ಕೆ ಬಿಟ್ಟೆವು. ಆದರೆ ಸೈಟಿನ ಹೊಸ ಬರಹಗಳ ಪಟ್ಟಿಯನ್ನು ಓದುಗರಿಗೆ ನೇರ ತಲುಪಿಸುವ ಆರ್‌ಎಸ್‌ಎಸ್ ಫೀಡ್ ಇನ್ನೂ ಇದೆ. ವರ್ಡ್‌ಪ್ರೆಸ್ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ ಫೀಡ್ ಎಂದು ಇಂಗ್ಲಿಷ್‌ನಲ್ಲಿ ಬರೆದರೆ ಸಾಕು. ಬ್ಲಾಗರ್‌ನಲ್ಲೂ ತಾನಾಗೇ ಇರುತ್ತದೆ. ಫೀಡ್ಲಿ, ಇನೊರೀಡರ್, ಥಂಡರ್‌ಬರ್ಡ್ ಎಂಬ ಫೀಡ್ ಓದುವ ತಂತ್ರಾಂಶಗಳಲ್ಲಿ ಯಾವುದಕ್ಕಾದರೂ ನಿಮಗೆ ಇಷ್ಟವಾದ ಹತ್ತು ಕನ್ನಡ ಸೈಟುಗಳ ವಿಳಾಸ ಸೇರಿಸಿ. ಹೊಸದು ಬಂದಾಗ ಬಂದ ಕ್ರಮದಲ್ಲೇ ಕಾಣುತ್ತದೆ. ನಿಮ್ಮ ಸೈಟಿನಲ್ಲಿ ಬೇರೆಯವರ ಸೈಟುಗಳಿಗೂ ಲಿಂಕ್ ಕೊಡಿ.

5. ಪ್ರತಿ ಇಡಿ

ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಒಂದು ಲೆಕ್ಕ ಕೊಟ್ಟಿತು. 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ 38 ಶೇಕಡಾ ಹತ್ತು ವರ್ಷದಲ್ಲಿ ಸಿಗದೇ ಹೋಗಿವೆ. ಕನ್ನಡ ಪತ್ರಿಕೆಗಳ ಹಳೆಯ ಲಿಂಕುಗಳನ್ನು ಒತ್ತಿದವರಿಗೆ ಇದು ಗೊತ್ತೇ ಇದೆ. ಸೈಟ್ ಹೊಸದಾಗಿ ಕಟ್ಟುತ್ತಾರೆ, ಹಳೆಯದು ಸತ್ತು ಹೋಗುತ್ತದೆ.

ಇದಕ್ಕೆ ಮದ್ದು, ವೆಬ್ ಪುಟಗಳ ಪ್ರತಿ ತೆಗೆದಿಡುವ ವೇಬ್ಯಾಕ್ ಮಷಿನ್. ಬ್ರೂಸ್ಟರ್ ಕೇಲ್ 1996ರಲ್ಲಿ ಶುರು ಮಾಡಿದ ಇಂಟರ್ನೆಟ್ ಆರ್ಕೈವ್‌ನ ಭಾಗ ಅದು. ವೆಬ್ ಡಾಟ್ ಆರ್ಕೈವ್ ಡಾಟ್ ಆರ್ಗ್‌ಗೆ ಹೋಗಿ. ಸೇವ್ ಪೇಜ್ ನೌ ಎಂಬ ಜಾಗದಲ್ಲಿ ನಿಮ್ಮ ಲೇಖನದ ವಿಳಾಸ ಹಾಕಿ ಗುಂಡಿ ಒತ್ತಿ. ಒಂದೆರಡು ನಿಮಿಷದಲ್ಲಿ ದಿನಾಂಕ ಸಮೇತ ಒಂದು ಶಾಶ್ವತ ಲಿಂಕ್ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ. ಉಚಿತ ಖಾತೆ ತೆರೆದರೆ ಆ ಪುಟದಿಂದ ಹೋಗುವ ಲಿಂಕುಗಳನ್ನೂ ಒಟ್ಟಿಗೆ ಉಳಿಸಬಹುದು. ಲಾಗಿನ್ ಕೇಳುವ ಪುಟಗಳು ಇಲ್ಲಿ ಉಳಿಯುವುದಿಲ್ಲ. ಮೊದಲು ಹೇಳಿದ ಪರೀಕ್ಷೆ ಇಲ್ಲೂ ಬಂತು ನೋಡಿ.

ನಿಮ್ಮದನ್ನು ಮಾತ್ರ ಅಲ್ಲ, ನಿಮಗೆ ಬೇಕಾದದ್ದನ್ನೂ ಉಳಿಸಿ. ಊರಿನ ಗ್ರಂಥಾಲಯದ ಪುಟ, ನಿಂತುಹೋಗಲಿರುವ ಪತ್ರಿಕೆಯ ಸೈಟು, ಸರ್ಕಾರಿ ಆದೇಶ. ಚರ್ಚೆಯಲ್ಲಿ ಒಂದು ಸುದ್ದಿಯನ್ನು ಆಧಾರವಾಗಿ ಕೊಡುವ ಮುಂಚೆ ಅದನ್ನು ಉಳಿಸುವ ಅಭ್ಯಾಸ ಮಾಡಿಕೊಳ್ಳಿ.

ಆದರೆ ಆರ್ಕೈವ್ ಒಂದನ್ನೇ ನೆಚ್ಚಬೇಡಿ. 2014ರ ಡಿಸೆಂಬರ್‌ನಲ್ಲಿ ನಮ್ಮ ದೂರಸಂಪರ್ಕ ಇಲಾಖೆ ಗಿಟ್‌ಹಬ್ ಸೇರಿ 32 ತಾಣಗಳನ್ನು ತಡೆದಾಗ ಆ ಪಟ್ಟಿಯಲ್ಲಿ ಆರ್ಕೈವ್ ಕೂಡ ಇತ್ತು. 2017ರ ಆಗಸ್ಟ್‌ನಲ್ಲಿ ಎರಡು ಹಿಂದಿ ಸಿನಿಮಾಗಳ ಕಳ್ಳ ಪ್ರತಿ ತಡೆಯಲು ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶಕ್ಕೆ ಸಿಕ್ಕಿ ಮತ್ತೊಮ್ಮೆ ಮುಚ್ಚಿತು. ಸಿನಿಮಾ ಕಳ್ಳತನಕ್ಕೂ ಹಳೆಯ ವೆಬ್ ಪುಟಗಳ ಈ ಭಂಡಾರಕ್ಕೂ ಎಲ್ಲಿಂದೆಲ್ಲಿಯ ಸಂಬಂಧ? 2024ರ ಅಕ್ಟೋಬರ್‌ನಲ್ಲಿ ದಾಳಿಕೋರರು ನುಗ್ಗಿ ಕೆಲವು ದಿನ ಅದು ನಿಂತೇಹೋಗಿತ್ತು. ಮನೆಯ ಪೆನ್ ಡ್ರೈವ್ ಪ್ರತಿ ಬೇಕೇ ಬೇಕು.

6. ಇತರರು ಬಳಸಲು ಬಿಡಿ

ನಿಮ್ಮ ಬರಹವನ್ನು ಬೇರೆಯವರು ಹಂಚಬಹುದೇ, ಶಾಲೆಯಲ್ಲಿ ಬಳಸಬಹುದೇ ಎಂದು ಸ್ಪಷ್ಟವಾಗಿ ಬರೆಯಿರಿ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಹಾಕಿದರೆ ಹೆಸರು ಹೇಳಿ ಬಳಸಬಹುದು ಎಂದು ಎಲ್ಲರಿಗೂ ಅರ್ಥವಾಗುತ್ತದೆ. ನಿರಂಜನರ ಕೃತಿಗಳನ್ನು ಅವರ ಕುಟುಂಬ ಹೀಗೆ ಬಿಟ್ಟುಕೊಟ್ಟಿತು. ಅದು ಕನ್ನಡಕ್ಕೆ ಸಿಕ್ಕ ದೊಡ್ಡ ಉಡುಗೊರೆ ಎಂದೇ ನನ್ನ ಭಾವನೆ.

ಹಳೆಯ ಪುಸ್ತಕಗಳ ವಿಷಯ ಬೇರೆ. ನಮ್ಮ ದೇಶದಲ್ಲಿ ಲೇಖಕರು ತೀರಿದ ಮುಂದಿನ ವರ್ಷದಿಂದ ಲೆಕ್ಕ ಹಾಕಿ 60 ವರ್ಷಕ್ಕೆ ಹಕ್ಕುಸ್ವಾಮ್ಯ ಮುಗಿಯುತ್ತದೆ. ಮುದ್ದಣ, ಪಂಜೆ ಮಂಗೇಶರಾಯರು, 1946ರಲ್ಲಿ ತೀರಿದ ಕೈಲಾಸಂ ಮತ್ತು ಬಿ.ಎಂ.ಶ್ರೀ ಇವರದ್ದೆಲ್ಲ ಈಗ ಎಲ್ಲರ ಸ್ವತ್ತು. ಕನ್ನಡ ವಿಕಿಸೋರ್ಸ್‌ನಲ್ಲಿ ಇಂಥ ಪುಸ್ತಕಗಳ ಸ್ಕ್ಯಾನ್ ಪುಟ ಒಂದು ಕಡೆ, ಪಠ್ಯ ಇನ್ನೊಂದು ಕಡೆ ಕಾಣುತ್ತದೆ. ನೋಡಿಕೊಂಡು ತಿದ್ದಬೇಕು. ದಿನಕ್ಕೆ ಒಂದು ಪುಟ ತಿದ್ದಲು ಹತ್ತು ನಿಮಿಷ ಸಾಕು. ನಿವೃತ್ತ ಮೇಷ್ಟರುಗಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಕಾಣುವುದಿಲ್ಲ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯಕ್ಕೂ ಕೈ ಬೇಕು. ಆದರೆ ಅಲ್ಲಿ ನಿಮ್ಮ ಅಭಿಪ್ರಾಯ, ನಿಮ್ಮ ಕವಿತೆ ಹಾಕುವಂತಿಲ್ಲ. ಪುಸ್ತಕ, ಪತ್ರಿಕೆಯ ಆಧಾರ ಕೊಟ್ಟು ಬರೆಯಬೇಕು.

ಎಐ ಕಂಪನಿಗಳ ಬಾಟ್‌ಗಳು, ಅಂದರೆ ತಾವಾಗೇ ಸೈಟುಗಳನ್ನು ಓದುತ್ತಾ ಹೋಗುವ ತಂತ್ರಾಂಶಗಳು, ನಮ್ಮದನ್ನೆಲ್ಲ ಎತ್ತಿಕೊಂಡು ಹೋಗುತ್ತವಲ್ಲ ಎಂದು ಕೇಳುವವರಿದ್ದಾರೆ. ಈ ಸಿಟ್ಟು ನ್ಯಾಯವಾದದ್ದು. ಉತ್ತರ ಹುಡುಕಾಟದ ಪುಟದಲ್ಲೇ ಸಿಕ್ಕರೆ ಓದುಗರು ನಿಮ್ಮ ಮನೆಗೆ ಬರುವುದೇ ಇಲ್ಲ. ಸೈಟಿನ ರೋಬಾಟ್ಸ್ ಫೈಲಿನಲ್ಲಿ ಇಂಥ ಬಾಟ್ ಬೇಡ ಎಂದು ಬರೆಯಬಹುದು. ಅದು ವಿನಂತಿ ಅಷ್ಟೇ, ಬೀಗವಲ್ಲ. ಬರೆಯುವಾಗ ಸರ್ಚ್ ಬಾಟ್‌ಗಳನ್ನು, ಆರ್ಕೈವ್‌ನ ಬಾಟನ್ನು ತಪ್ಪಿ ತಡೆಯಬೇಡಿ. ಎಲ್ಲಕ್ಕೂ ಲಾಗಿನ್ ಹಾಕಿ ಮುಚ್ಚುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕಳ್ಳರ ಭಯಕ್ಕೆ ಊರಿನ ಬಾವಿಗೆ ಕಲ್ಲು ಮುಚ್ಚಿದ ಹಾಗಾಗುತ್ತದೆ.

7. ದಾರಿಯನ್ನೇ ಮುಚ್ಚಿದಾಗ

ಇಷ್ಟೆಲ್ಲ ಮಾಡಿದರೂ ಓದುಗರು ನಿಮ್ಮ ವಿಳಾಸಕ್ಕೆ ಬರುವ ದಾರಿ ಟೆಲಿಕಾಂ ಕಂಪನಿ ಮತ್ತು ಸರ್ಕಾರದ ಕೈಯಲ್ಲಿದೆ. ಇಲ್ಲಿ ನಮ್ಮ ದೇಶದ ಜನ ಒಂದು ಸಲ ಗೆದ್ದಿದ್ದಾರೆ. ಹೇಗೆ ಗೆದ್ದರು ಎಂದು ತಿಳಿದರೆ ಮುಂದಿನ ಸಲ ಏನು ಮಾಡಬೇಕು ಎಂದೂ ತಿಳಿಯುತ್ತದೆ.

2015ರ ಮಾರ್ಚ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 118 ಪುಟದ ಒಂದು ಸಮಾಲೋಚನಾ ಪತ್ರ ಹೊರಡಿಸಿತು. ಅದರಲ್ಲಿ 20 ಪ್ರಶ್ನೆ. ಆ್ಯಪ್‌ಗಳಿಗೆ ಬೇರೆ ಬೇರೆ ದರ ಹಾಕಬಹುದೇ ಎಂಬುದು ಅದರ ತಿರುಳು. ಏಪ್ರಿಲ್‌ನಲ್ಲಿ ಏರ್‌ಟೆಲ್ ಝೀರೋ ಬಂತು. ಹಣ ಕೊಟ್ಟ ಕಂಪನಿಯ ಆ್ಯಪ್ ಬಳಸಿದರೆ ಗ್ರಾಹಕರ ಡೇಟಾ ಖರ್ಚಾಗುವುದಿಲ್ಲ ಎಂಬ ಯೋಜನೆ. ಕೇಳಲು ಚೆನ್ನಾಗಿದೆ. ಆದರೆ ಹಣ ಕೊಡಲಾಗದ ಸಣ್ಣ ಕನ್ನಡ ಸೈಟಿನ ಗತಿ? ಕೆಲವು ಯುವಕರು ಆ 20 ಪ್ರಶ್ನೆಗಳನ್ನು ಸರಳವಾಗಿ ವಿವರಿಸಿ ತಾಣ ಮಾಡಿದರು. ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಜನರ ಸಿಟ್ಟು ನೋಡಿ ಫ್ಲಿಪ್‌ಕಾರ್ಟ್ ಏರ್‌ಟೆಲ್ ಝೀರೋದಿಂದ ಹಿಂದೆ ಸರಿಯಿತು. ಆಮೇಲೆ ಫೇಸ್‌ಬುಕ್, ಆಯ್ದ ತಾಣಗಳನ್ನು ಮಾತ್ರ ಉಚಿತವಾಗಿ ತೋರಿಸುವ ತನ್ನ ಫ್ರೀ ಬೇಸಿಕ್ಸ್ ತಂದು ಪುಟಗಟ್ಟಲೆ ಜಾಹೀರಾತು ಕೊಟ್ಟಿತು. 2016ರ ಫೆಬ್ರವರಿ 8ರಂದು ಟ್ರಾಯ್ ಇಂಥ ತಾರತಮ್ಯದ ದರಗಳನ್ನು ನಿಷೇಧಿಸಿತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ನೆಟ್ ನ್ಯೂಟ್ರಾಲಿಟಿಯ, ಅಂದರೆ ಟೆಲಿಕಾಂ ಕಂಪನಿಗಳು ಎಲ್ಲ ತಾಣಗಳನ್ನೂ ಒಂದೇ ರೀತಿ ಕಾಣಬೇಕೆಂಬ, ನಿಯಮಗಳಿಗೆ ಒಪ್ಪಿಗೆ ಕೊಟ್ಟಿತು.

ಅದು ಮುಗಿದ ಕಥೆಯಲ್ಲ. ದೊಡ್ಡ ತಾಣಗಳು ನಮ್ಮ ಜಾಲ ಬಳಸುವುದಕ್ಕೆ ಹಣ ಕೊಡಲಿ ಎಂದು ಟೆಲಿಕಾಂ ಕಂಪನಿಗಳು ಕೆಲವು ವರ್ಷಗಳಿಂದ ಕೇಳುತ್ತಿವೆ. ದಕ್ಷಿಣ ಕೊರಿಯಾದಲ್ಲಿ ಜಾಲದ ಶುಲ್ಕ ತೀರಾ ದುಬಾರಿ ಎಂದು ಟ್ವಿಚ್ ಎಂಬ ವಿಡಿಯೊ ತಾಣ 2024ರ ಫೆಬ್ರವರಿಯಲ್ಲಿ ಬಾಗಿಲು ಹಾಕಿಕೊಂಡು ಹೋಯಿತು.

ಹಾಗಾಗಿ ಟ್ರಾಯ್ ಸೈಟಿನಲ್ಲಿ ಸಮಾಲೋಚನೆಗಳ ಪುಟವನ್ನು ತಿಂಗಳಿಗೊಮ್ಮೆ ನೋಡಿ. ಪತ್ರದ ಕೊನೆಯಲ್ಲಿ ಪ್ರಶ್ನೆಗಳ ಪಟ್ಟಿ, ಕಳಿಸಬೇಕಾದ ಇಮೇಲ್, ಕೊನೆಯ ದಿನ ಇರುತ್ತವೆ. ಎಲ್ಲ ಪ್ರಶ್ನೆಗೂ ಉತ್ತರ ಬೇಡ. ನಿಮಗೆ ಗೊತ್ತಿರುವ ಎರಡಕ್ಕೆ ಬರೆಯಿರಿ, ಪ್ರಶ್ನೆಯ ಸಂಖ್ಯೆ ಹಾಕಿ. ಸಿದ್ಧ ಪತ್ರವನ್ನು ಹಾಗೇ ಕಳಿಸಬೇಡಿ. ಫ್ರೀ ಬೇಸಿಕ್ಸ್ ಪರವಾಗಿ ಲಕ್ಷಗಟ್ಟಲೆ ಒಂದೇ ನಮೂನೆಯ ಪತ್ರ ಬಂದಾಗ, ಕೇಳಿದ ಪ್ರಶ್ನೆಗೆ ಉತ್ತರ ಇದರಲ್ಲಿಲ್ಲ ಎಂದು ಟ್ರಾಯ್ ಹೇಳಿತು. ನಿಮ್ಮ ಅನುಭವವನ್ನೇ ಹೇಳಿ: ನನ್ನ ಸೈಟಿಗೆ ಇಷ್ಟು ಖರ್ಚು, ಓದುಗರು ಇಂಥ ಊರಿನವರು, ದರ ಬೇರೆಯಾದರೆ ಹೀಗಾಗುತ್ತದೆ. ನಾನು ಕನ್ನಡದಲ್ಲಿ ಬರೆದು ಕೆಳಗೆ ಇಂಗ್ಲಿಷ್ ಸಾರಾಂಶ ಹಾಕುತ್ತೇನೆ. ಫೋನ್ ನಂಬರ್, ಮನೆ ವಿಳಾಸ ಮಾತ್ರ ಹಾಕಬೇಡಿ. ಬಂದ ಪತ್ರಗಳನ್ನು ಪ್ರಕಟಿಸುತ್ತಾರೆ. 2015ರಲ್ಲಿ ಲಕ್ಷಾಂತರ ಜನರ ಇಮೇಲ್ ವಿಳಾಸಗಳು ಹಾಗೇ ಹೊರಗೆ ಬಂದವು. ಇದಕ್ಕೆಂದೇ ಬೇರೆ ಇಮೇಲ್ ಇದ್ದರೆ ಒಳ್ಳೆಯದು.

ಒಂದು ಸೈಟ್ ತೆರೆಯದಿದ್ದರೆ ಅದು ಹಾಳಾಗಿದೆಯೋ, ಯಾರಾದರೂ ತಡೆದಿದ್ದಾರೋ? ಮೊದಲು ಮನೆಯ ವೈಫೈನಲ್ಲಿ ನೋಡಿ, ಆಮೇಲೆ ಬೇರೆ ಕಂಪನಿಯ ಮೊಬೈಲ್ ಡೇಟಾದಲ್ಲಿ. ಒಂದರಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದಿದ್ದರೆ ತಡೆ ಇರಬಹುದು. ಹೊರದೇಶದಲ್ಲಿರುವ ಗೆಳೆಯರಿಗೂ ಕಳಿಸಿ ಕೇಳಿ. ಊನಿ ಪ್ರೋಬ್ ಎಂಬ ಉಚಿತ ಆ್ಯಪ್‌ನಲ್ಲಿ ಆ ವಿಳಾಸ ಹಾಕಿ ಪರೀಕ್ಷೆ ಮಾಡಬಹುದು. ಫಲಿತಾಂಶ ಎಲ್ಲರಿಗೂ ಕಾಣುವಂತೆ ಸೇರುತ್ತದೆ ಎಂಬುದು ನಿಮಗೆ ಗೊತ್ತಿರಲಿ. ತಡೆ ಖಚಿತವಾದರೆ ದಿನಾಂಕ, ಕಂಪನಿ, ಪರದೆಯ ಚಿತ್ರ ಇಟ್ಟುಕೊಂಡು ಇಂಟರ್ನೆಟ್ ಫ್ರೀಡಂ ಫೌಂಡೇಶನ್‌ಗೆ ಬರೆಯಿರಿ. 2015ರ ಆ ಹೋರಾಟದಿಂದಲೇ ಹುಟ್ಟಿದ ಸಂಸ್ಥೆ ಅದು.

ಇನ್ನು ಪೂರ್ತಿ ಇಂಟರ್ನೆಟ್ಟೇ ನಿಲ್ಲುವುದು. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನಲ್ಲಿ ಗಲಾಟೆಯಾದಾಗ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್ನೆಟ್ ನಿಲ್ಲಿಸಿದ್ದನ್ನು ಅಲ್ಲಿಯವರು ಮರೆತಿಲ್ಲ. 2024ರಲ್ಲಿ ದೇಶದಲ್ಲಿ 84 ಸಲ ಹೀಗಾಯಿತು ಎಂದು ಆಕ್ಸೆಸ್ ನೌ ಸಂಸ್ಥೆ ಲೆಕ್ಕ ಹಾಕಿದೆ. ಕಾಶ್ಮೀರದ ಇಂಟರ್ನೆಟ್ ತಡೆಯ ಬಗೆಗಿನ ಅನುರಾಧಾ ಭಸಿನ್ ಮೊಕದ್ದಮೆಯಲ್ಲಿ 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಇಂಥ ಆದೇಶಗಳನ್ನು ಪ್ರಕಟಿಸಬೇಕು, ಅನಿರ್ದಿಷ್ಟ ಕಾಲ ನಿಲ್ಲಿಸುವಂತಿಲ್ಲ. ಆದೇಶ ಎಲ್ಲೂ ಕಾಣದಿದ್ದರೆ ಒಳಾಡಳಿತ ಇಲಾಖೆಗೆ ಆರ್‌ಟಿಐ ಹಾಕಿ ಪ್ರತಿ ಕೇಳಿ. ಮುಂಜಾಗ್ರತೆಗೆ ಕಿವಿಕ್ಸ್ ಆ್ಯಪ್‌ನಲ್ಲಿ ಕನ್ನಡ ವಿಕಿಪೀಡಿಯ ಇಳಿಸಿಡಿ, ಇಂಟರ್ನೆಟ್ ಇಲ್ಲದೆಯೂ ಓದಬಹುದು. ಮುಖ್ಯ ಫೋನ್ ನಂಬರುಗಳನ್ನು ಕಾಗದದಲ್ಲಿ ಬರೆದಿಡಿ.

8. ಬೀಗದ ಕೈ ಇನ್ನೊಬ್ಬರಿಗೂ ಗೊತ್ತಿರಲಿ

ಬರೆದವರು ಹೋದ ಮೇಲೆ ಡೊಮೈನ್ ಹಣ ಕಟ್ಟುವವರಿಲ್ಲದೆ ಹೋದ ಸೈಟುಗಳು ಬೇಕಾದಷ್ಟಿವೆ. ಡೊಮೈನ್ ಎಲ್ಲಿ ತಗೊಂಡದ್ದು, ಯಾವ ಇಮೇಲ್, ಯಾವ ದಿನ ಹಣ ಕಟ್ಟಬೇಕು, ಪ್ರತಿ ಎಲ್ಲಿದೆ ಎಂದು ಒಂದು ಹಾಳೆಯಲ್ಲಿ ಬರೆದು ಮನೆಯ ಕಾಗದ ಪತ್ರದ ಜೊತೆ ಇಡಿ. ಗೂಗಲ್ ಖಾತೆಯಲ್ಲಿ ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್ ಎಂದು ಇದೆ. ನೀವು ಇಂತಿಷ್ಟು ತಿಂಗಳು ಖಾತೆ ತೆರೆಯದಿದ್ದರೆ ಯಾರಿಗೆ ತಿಳಿಸಬೇಕು, ಏನು ಕೊಡಬೇಕು ಎಂದು ಅಲ್ಲಿ ಹೇಳಿಡಬಹುದು. ಫೇಸ್‌ಬುಕ್‌ನಲ್ಲಿ ಲೆಗಸಿ ಕಾಂಟ್ಯಾಕ್ಟ್ ಇದೆ.

ಚಿಕ್ಕಮ್ಮನ ಹಾಡುಗಳಿಗೆ ಈಗ ಅವರದೇ ವಿಳಾಸ ಇದೆ. ಪ್ರತಿ ಹಾಡಿನ ಕೆಳಗೆ ಕಲಿಸಿದವರ ಹೆಸರು ಹಾಕಿಸಿದ್ದಾರೆ. ನೆನಪಿಗೆ ಬಂದ ಹೊಸ ಹಾಡನ್ನು ಈಗ ಮೊದಲು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ, ಆಮೇಲೆ ಮಗಳು ಸೈಟಿಗೆ ಏರಿಸುತ್ತಾಳೆ. ಅಡುಗೆ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಗ್ಯಾಸ್ ಬುಕ್ ಮಾಡಿದ ದಿನದ ಗುರುತಿನ ಹತ್ತಿರವೇ, ಡೊಮೈನ್ ಹಣ ಕಟ್ಟುವ ದಿನಕ್ಕೆ ಕೆಂಪು ಶಾಯಿಯಲ್ಲಿ ಒಂದು ಸುತ್ತು ಹಾಕಿದ್ದಾರೆ.